ಭಾವ ಕೊಟ್ಟ ಬಾಟ್ಲಿ

"ಇದು ಯಾರ ಉಚ್ಚೆ?" ಬಾಟ್ಲಿನ ಕಿಟಕಿ ಬೆಳಕಿಗೆ ಹಿಡಿದು ಡಾಕ್ಟರಮ್ಮ ನೇರವಾಗಿ ಕೇಳೇಬಿಟ್ರು.

"ನಂದೇ ಮೇಡಂ. ಇನ್ಯಾರ್ದು?" ಅಂದ ಕ್ರೇನ್, ಮುಖ ದಿಂಬಲ್ಲಿ ಹುದುಗಿಸ್ಕೊಂಡೇ.

ಪರೀಕ್ಷೆ ಮಾಡೋ ಮಂಚದ ಮೇಲೆ ಬೋರಲು ಬಿದ್ದಿದ್ದ ಪಾಪ. ಕೂರಕ್ಕಾಗಲ್ಲ. ಮನೆ ಸಾಮಾನು ಸಾಗಿಸೋ ಕೆಲಸದೋನು, ಒಂದ್ಸಲ ಫ್ರಿಜ್ಜನ್ನ ಒಬ್ಬನೇ ಬೆನ್ನ ಮೇಲೆ ಹೊತ್ಕೊಂಡು ನಾಲ್ಕು ಮಹಡಿ ಹತ್ತಿದ್ದಕ್ಕೆ ಜನ ಇಟ್ಟ ಹೆಸರು ಕ್ರೇನ್. ಈಗ ಆ ಕ್ರೇನಿಗೆ ತನ್ನ ಚಡ್ಡಿ ಎಳ್ಕೊಳ್ಳೋಕೂ ಹೆಂಡ್ತಿ ಬೇಕು. ಸೊಂಟದ ಹತ್ರ ಎರಡು ಮೂಳೆ ನಡುವೆ ಇರೋ ಮೆತ್ತೆ ಒಣಗಿಹೋಗಿದೆ, ಸ್ಕ್ರೂ ಹಾಕಿ ಎರಡನ್ನೂ ಕೂಡಿಸ್ಬೇಕು. ನಾಡಿದ್ದು ಆಪರೇಷನ್. ಡಾಕ್ಟರಮ್ಮಂದು ಒಂದೇ ಪಟ್ಟು: ಮೈಯಲ್ಲಿ ನಿಕೋಟಿನ್ ಇದ್ರೆ ನಾನು ಕತ್ತಿ ಮುಟ್ಟಲ್ಲ.

"ಬಿಡಿಸಿ ಹೇಳಿದ್ದೆ ತಾನೆ?" ಅಂದ್ರು ಡಾಕ್ಟರಮ್ಮ. "ನಿಕೋಟಿನ್ ರಕ್ತನಾಳನ ಹಿಂಡುತ್ತೆ. ಆ ಮೆತ್ತೆಗೆ ರಕ್ತ ತಲುಪೋದೇ ಅಷ್ಟಕ್ಕಷ್ಟೆ. ಅದನ್ನೂ ನಿಲ್ಲಿಸಿದ್ರೆ ನಾನು ಕೂಡಿಸಿದ ಮೂಳೆ ಕೂಡಲ್ಲ. ನೀರು ಕುಡಿಸ್ದೆ ಬಿಟ್ಟ ಸಿಮೆಂಟ್ ಥರ ಆಗುತ್ತೆ. ಈ ಬಾಟ್ಲಿಗೆ ಅದ್ದಿದ ಕಾಗದದ ಪಟ್ಟಿ ನೋಡಿದ್ರೆ ದಿನಾ ಪ್ಯಾಕುಗಟ್ಲೆ ಎಳೆಯೋನ ಲಕ್ಷಣ. ನಾಡಿದ್ದು ಆಪರೇಷನ್ ಇಲ್ಲ, ಮನೆಗೆ ಹೋಗು."

ಕ್ರೇನ್ ಆಮೆ ಥರ ಕತ್ತು ಎತ್ತಿ, ಗೋಡೆ ಪಕ್ಕ ಅಟೆನ್ಷನ್ನಲ್ಲಿ ನಿಂತಿದ್ದ ಭಾವನ ಕಡೆ ನೋಡಿದ. ಭಾವ ಅಂದ್ರೆ ಹೆಂಡ್ತಿ ಅಣ್ಣ, ಸ್ಕೂಲಲ್ಲಿ ಡ್ರಿಲ್ ಮಾಸ್ತರು. ಸಿಗರೇಟು ಬಿಟ್ಟು ಎಂಟು ವರ್ಷ ಆಯ್ತು, ಆ ವಿಷಯ ಕೇಳಿಸ್ಕೊಳ್ಳದ ನಾಯಿ ಬೆಕ್ಕೂ ಆ ಬೀದಿಯಲ್ಲಿ ಉಳಿದಿಲ್ಲ. ಊಟಕ್ಕೂ ಕೂರಲ್ಲ, ಬಸ್ಸಲ್ಲಿ ಸೀಟು ಖಾಲಿ ಇದ್ರೂ ಕೂರಲ್ಲ. ಶಿಸ್ತು ಅಂತಾನೆ. ಬೆಳಿಗ್ಗೆ ಬಾಟ್ಲಿನ ಕ್ರೇನ್ ಜೇಬಿಗಿಳಿಸಿ, "ಅಪ್ಪಟ ಮಾಲು ಕಣಯ್ಯ, ಟಾನಿಕ್ ಅಂತ ಮಾರಬಹುದು" ಅಂತ ಎದೆ ಉಬ್ಬಿಸಿದ್ದೂ ಇವನೇ.

"ಭಾವ, ಏನ್ ಕೊಟ್ಟೆ ನಂಗೆ ನೀನು!"

"ನನ್ನ ಕೇಳ್ತೀಯ? ನೀನೇ ಏನೋ ಬೆರೆಸಿರ್ತೀಯ!"

"ಉಚ್ಚೆಗೆ ಏನ್ ಬೆರೆಸ್ತಾರೆ ಭಾವ, ಸಕ್ಕರೆನಾ?"

ಡಾಕ್ಟರಮ್ಮ ಇವನ ಮುಖ ನೋಡಿದ್ರು, ಅವನ ಮುಖ ನೋಡಿದ್ರು. "ಓಹೋ! ಇದನ್ನೂ ಪಕ್ಕದ್ಮನೆ ಕಾಫಿಪುಡಿ ಥರ ಕೈಗಡ ತರ್ತೀರೇನ್ರೋ? ಯಾಕೆ?"

"ಹೆದರಿಕೆ ಮೇಡಂ. ಮೊನ್ನೆ ಮೊನ್ನೆ ಅಲ್ಲ, ಹೋದ ತಿಂಗಳು, ಹಳೇ ಕೋಟಿನ ಜೇಬಲ್ಲಿ ಒಂದು ಮೋಟು ಸಿಗರೇಟು ಸಿಕ್ತು. ಎರಡೇ ದಮ್ಮು. ಅದು ಉಚ್ಚೆಯಲ್ಲಿ ಸಿಕ್ಕಿಬಿದ್ರೆ ಅಂತ..."

ಡಾಕ್ಟರಮ್ಮ ಒಂದು ಖಾಲಿ ಬಾಟ್ಲಿ ತೆಗ್ದು ಅವನ ಕೈಗಿಟ್ರು. ಕ್ರೇನ್ ಗೋಡೆ ಹಿಡ್ಕೊಂಡು, ಹೆಜ್ಜೆ ಹೆಜ್ಜೆಗೂ ಭಾವನ ವಂಶಾನ ಉದ್ಧಾರ ಮಾಡ್ತಾ ಕಕ್ಕಸಿಗೆ ಹೋಗಿಬಂದ. ಡಾಕ್ಟರಮ್ಮ ಇನ್ನೊಂದು ಪಟ್ಟಿನ ಆ ಬಾಟ್ಲಿಯಲ್ಲಿ ಅದ್ದಿದ್ರು. ಮೂವರೂ ಲಾಟರಿ ನಂಬರ್ ನೋಡೋರ ಥರ ಆ ಪಟ್ಟಿನೇ ನೋಡ್ತಾ ನಿಂತ್ರು. ನಾಡಿದ್ದು ತಪ್ಪಿದ್ರೆ ಕ್ರೇನ್ ಮತ್ತೆ ಎಷ್ಟು ತಿಂಗಳು ಬೋರಲು ಬಿದ್ದಿರ್ಬೇಕೋ.

"ದಡ್ಡಮುಂಡೇದೆ," ಅಂದ್ರು ಡಾಕ್ಟರಮ್ಮ. "ಏನೂ ಇಲ್ಲ ಇದ್ರಲ್ಲಿ. ನಿಂದೇ ಕೊಟ್ಟಿದ್ರೆ ಆಗ್ಲೇ ಪಾಸಾಗ್ತಿದ್ದೆ. ಪರವಾಗಿಲ್ಲ, ಬಿಟ್ಟಿದೀಯ."

"ಬಿಟ್ಟಿದ್ದೇನಲ್ಲ ಮೇಡಂ. ಮೆಟ್ಲಿಳಿದು ಅಂಗಡಿಗೆ ಹೋಗಕ್ಕಾಗ್ಲಿಲ್ಲ, ಅಷ್ಟೆ."

"ನಾಡಿದ್ದು ಬೆಳಿಗ್ಗೆ ಬಂದು ಅಡ್ಮಿಟ್ ಆಗು. ಆಪರೇಷನ್ ಆದ್ಮೇಲೂ ಮುಟ್ಟಬಾರದು, ಗೊತ್ತಾಯ್ತಾ?" ಅಂದವರು ಭಾವನ ಕಡೆ ತಿರುಗಿದ್ರು. "ಮಾಸ್ತರ್ರೇ, ಬಂದಾಗಿಂದ ಬಾಯಲ್ಲಿ ಏನದು ಅಗೀತಿರೋದು?"

"ಗಮ್ಮು. ಸಿಗರೇಟು ಬಿಡೋಕೆ ಅಂತ ಔಷಧಿ ಅಂಗಡಿಯೋನು ಕೊಟ್ಟಿದ್ದು."

"ಯಾವಾಗ?"

"ಬಿಟ್ಟಾಗ್ಲೇ. ಎಂಟು ವರ್ಷ ಆಯ್ತಲ್ಲ!"

"ಮೂರು ತಿಂಗಳಿಗೆ ಮುಗಿಸೋ ಸಾಮಾನು ಅದು. ಎಂಟು ವರ್ಷದಿಂದ ಅಗೀತಾನೇ ಇದೀರಾ?"

"ಹೊಗೆ ಇಲ್ವಲ್ಲ ಮೇಡಂ. ಕ್ಲೀನು."

"ಅದ್ರಲ್ಲಿ ಏನಿದೆ ಅಂದ್ಕೊಂಡಿದೀರಿ, ಪುದೀನಾನಾ?"

"ಡಬ್ಬಿ ಮೇಲೆ ಪುದೀನ ಅಂತಲೇ ಇದೆಯಲ್ಲ," ಅಂದ ಮಾಸ್ತರು. ದನಿ ಮಾತ್ರ ಪೀಪಿ ಒಡೆದ ಹಾಗಿತ್ತು.

"ಅದರ ಕೆಳಗಡೆ ನಿಕೋಟಿನ್ ಅಂತಾನೂ ಇದೆ, ಓದ್ಕೊಳ್ಳಿ. ಬೆನ್ನು ಹೇಗಿದೆ? ಬನ್ನಿ, ಕೂತ್ಕೊಳ್ಳಿ."

"ಬೇಡ, ನಿಂತೇ ಅಭ್ಯಾಸ."

"ಹಾಗಾದ್ರೆ ಬಗ್ಗಿ, ಕಾಲ್ಬೆರಳು ಮುಟ್ಟಿ. ದಿನಾ ಸ್ಕೂಲಲ್ಲಿ ಮಾಡಿಸ್ತೀರಲ್ಲ, ನಿಮಗೇನು ನೀರು ಕುಡಿದಷ್ಟು ಸುಲಭ."

ಮಾಸ್ತರು ತಪ್ಪಿಸ್ಕೊಳ್ಳೋ ಹಾಗಿರ್ಲಿಲ್ಲ. ಬಗ್ಗಿದ. ಮೊಣಕಾಲವರೆಗೆ ಇಳಿದ, "ಅಮ್ಮಾ" ಅಂದ, ಅಲ್ಲೇ ನಿಂತ. ಕೆಳಗೂ ಹೋಗ್ಲಿಲ್ಲ, ಮೇಲಕ್ಕೂ ಬರ್ಲಿಲ್ಲ. ಅಷ್ಟೊತ್ತಿಗೆ ಕ್ರೇನ್ ಮತ್ತೆ ಮಂಚ ಹತ್ತಿ ಬೋರಲು ಬಿದ್ದಾಗಿತ್ತು. ಭಾವ ಭಾಮೈದ ಇಬ್ಬರ ಮೂತಿನೂ ಒಂದೇ ಮಟ್ಟಕ್ಕೆ ಬಂತು, ಮೂಗಿಗೆ ಮೂಗು.

"ಇದೇನಾ ಭಾವ ಶಿಸ್ತು?" ಅಂದ ಕ್ರೇನ್. ಆಮೇಲೆ ನರಳ್ತಾ ನರಳ್ತಾ ಒಂದು ಗೇಣು ಪಕ್ಕಕ್ಕೆ ಸರಿದು, ಖಾಲಿಯಾದ ಜಾಗನ ಅಂಗೈಯಲ್ಲಿ ತಟ್ಟಿದ. "ಹತ್ಕೋ ಬಾ, ಜಾಗ ಇದೆ."

ಮಾಸ್ತರು ಅರ್ಧ ಮಡಚಿದ ಚಾಕು ಥರ ನಿಂತಿದ್ದ. ಇಡೀ ಮೈಯಲ್ಲಿ ಅಲ್ಲಾಡ್ತಿದ್ದದ್ದು ದವಡೆ ಒಂದೇ.