ಹಸಿದ ಕೌದಿ

ಪ್ರತಿ ಶುಕ್ರವಾರ ಮಧ್ಯಾಹ್ನ ನನ್ನ ಎರಡೂ ಕೈ ಅಣ್ಣಿಗೇರಿಯ ಬಸಲಿಂಗವ್ವನವು. ಹೊಲಿಗೆಯಲ್ಲೇ ಮುದುಕಿಯಾದ ಆಕೆಯ ಬೆರಳು ಈಗ ನಡುಗುತ್ತವೆ. ಅದಕ್ಕೇ ನಮ್ಮ ಹುಬ್ಬಳ್ಳಿ ಕಂಪನಿ ಸಾಮಾಜಿಕ ಹೊಣೆ ಅಂತ ನನ್ನ ಕೈಗಳನ್ನು ಆಕೆಗೆ ಎರವಲು ಕೊಟ್ಟಿದೆ. ನನ್ನ ಕ್ಯಾಮೆರಾ ಕನ್ನಡಕದಲ್ಲೇ ನೋಡುತ್ತಾ ಆಕೆ ಮನೆಯಲ್ಲಿ ಕೂತು ಮನಸ್ಸಿನಲ್ಲಿ ಹೊಲಿಯುತ್ತಾಳೆ, ಇಲ್ಲಿ ಆಫೀಸಿನಲ್ಲಿ ಮುಂಗೈಗೆ ಕಟ್ಟಿದ ಯಂತ್ರ ಅದನ್ನು ಹಿಡಿದಂತೆ ನನ್ನ ಕೈ ಹೊಲಿಯುತ್ತದೆ. ವಾರವಿಡೀ ಮೌಸ್ ಒತ್ತುವ ಈ ಕೈಗಳಿಗೆ ಅದೊಂದೇ ಮರ್ಯಾದೆಯ ಕೆಲಸ.

ಅವತ್ತು ಹೊಲಿಯುತ್ತಿದ್ದದ್ದು ಆಕೆಯ ಮೊಮ್ಮಗಳ ಕೂಸಿಗೆ ಹೊದಿಸಲು ಹಳೇ ಸೀರೆ ತುಂಡುಗಳ ಕೌದಿ. ಮರುದಿನವೇ ತೊಟ್ಟಿಲ ಶಾಸ್ತ್ರ, ಒಂದು ಮೂಲೆ ಇನ್ನೂ ಬಾಕಿ. ಅಷ್ಟರಲ್ಲಿ ದೊಡ್ಡ ಸಾಹೇಬರು ಫೋಟೊದವನನ್ನು ಕರೆದುಕೊಂಡು, ತೆರೆದ ಊಟದ ಡಬ್ಬಿ ಹಿಡಿದೇ ಬಂದರು. ನನ್ನ ಕೈ ಸೀದಾ ಡಬ್ಬಿಗೆ ಹೋಗಿ ಹೋಳಿಗೆ ಎತ್ತಿತು!

“ಏನ್ರೀ ಇದು?”

“ನಾನಲ್ಲ ಸರ್, ಬಸಲಿಂಗವ್ವ!”

ಮೇಜಿನ ಮೇಲಿನ ಸ್ಪೀಕರಿನಲ್ಲಿ ಆಕೆಯೇ ಅಂದಳು: “ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ನಮ್ಮ ಪದ್ಧತ್ಯಾಗ ಕಡೀ ಮೂಲ್ಯಾಗ ಹೋಳಿಗಿ ಇಟ್ಟು ಹೊಲದ್ರನ ಕೌದಿ ಹೊಟ್ಟಿ ತುಂಬತೈತಿ. ಹಸದ ಕೌದಿ ಕೂಸಿಗೆ ಹೆಂಗ ಹೊಚ್ಚಲಿ?”

ಸಾಹೇಬರು ಡಬ್ಬಿ ಮುಂದಕ್ಕೆ ತಳ್ಳಿದರು. ಚೂರು ಹೋಳಿಗೆ ಮೂಲೆ ಸೇರಿತು, ಸೂಜಿ ಓಡಿತು, ಗಂಟು ಬಿತ್ತು. ಉಳಿದದ್ದನ್ನು ನನ್ನ ಕೈ ನನ್ನ ಬಾಯಿಗೇ ತುರುಕಿತು.

“ನೀನೂ ಹಸದೀಯಲ್ಲ ತಮ್ಮಾ. ನಿನ್ನ ಹೊಟ್ಟಿ ಗುರ್ ಅನ್ನೂದು ಆಗಿಂದ ಕೇಳಾಕತ್ತೀನಿ.”

ಫೋಟೊದವ ಕ್ಲಿಕ್ಕಿಸಿಯೇ ಬಿಟ್ಟ. ಈಗ ಕಂಪನಿಯ ಹಜಾರದ ಗೋಡೆಯ ಫೋಟೊದಲ್ಲಿ ನಾನು ಕೆನ್ನೆ ಉಬ್ಬಿಸಿಕೊಂಡು ಹೋಳಿಗೆ ತಿನ್ನುತ್ತಿದ್ದೇನೆ. ಕೆಳಗೆ ಬರೆದಿದೆ: ‘ಗ್ರಾಮೀಣ ಕುಶಲಕರ್ಮಿಗಳಿಗೆ ನಮ್ಮ ನೆರವು.’