ಕೆತ್ತದ ಹೆಸರು

"ಅದು ಬೇಡ ಕಣೇ, ಅದನ್ನ ಹೋದ ವಾರ ತಾನೇ ಕೆತ್ತಿದೀನಿ," ಎಂದ, ಗೋರಿಕಲ್ಲುಗಳಿಗೆ ಹೆಸರು ಕೆತ್ತುವ ಕಲ್ಲುಕುಟಿಗ. ಆರು ದಿನದ ಗಂಡುಕೂಸು ಅವನ ತೊಡೆಯ ಮೇಲೆ ಮಲಗಿತ್ತು. ಬೆಳಗಿನಿಂದ ಹೆಂಡತಿ ಹೇಳಿದ ಹದಿನೇಳು ಹೆಸರುಗಳಿಗೂ ಅವನದು ಇಂಥದೇ ಮಾತು.

"ನಿಮ್ಮ ಉಳಿಗೆ ಸಿಗದೇ ಇರೋ ಹೆಸರನ್ನ ನಾನೆಲ್ಲಿಂದ ತರ್ಲಿ?" ಎಂದು ಸಿಡುಕಿದ ಅವಳು, ಕೊನೆಗೆ ಯಾರಿಗೂ ಇಲ್ಲದ, ತಾನೇ ಕಟ್ಟಿದ ಹೆಸರೊಂದನ್ನು ಉಸುರಿದಳು. ಅವನು ಕಣ್ಣು ಮುಚ್ಚಿ, ಇಷ್ಟು ವರ್ಷ ಕೆತ್ತಿದ ಕಲ್ಲುಗಳನ್ನೆಲ್ಲ ನೆನಪಿನಲ್ಲೇ ತಡಕಿದ. ಎಲ್ಲೂ ಇರಲಿಲ್ಲ.

"ಇದೇ ಇರ್ಲಿ!" ಎಂದು ಬಾಯ್ತುಂಬ ನಕ್ಕ.

ಅವಳು ನಗಲಿಲ್ಲ. ಅವನ ತೋರುಬೆರಳನ್ನೇ ನೋಡುತ್ತಿದ್ದಳು. ಅದು ಮಗುವಿನ ಹೊದಿಕೆಯ ಮೇಲೆ ಆ ಹೆಸರಿನ ಮೂರಕ್ಷರಗಳಿಗೆ ಅಳತೆ ಹಾಕುತ್ತಿತ್ತು. ಕೆಳಗೆ ಎರಡು ತಾರೀಕುಗಳಿಗೂ ಜಾಗ ಬಿಟ್ಟಿತ್ತು.