ಎಂಟನೆಯ ಸಲ

ಪಿಯುಸಿಗೇ ಓದು ಬಿಟ್ಟದ್ದನ್ನು ಅವರು ಕೇಳುವ ಮೊದಲೇ ಹೇಳಿಬಿಡಬೇಕಿತ್ತೇನೋ ಎಂದುಕೊಳ್ಳುತ್ತ, ಹೆಣ್ಣು ನೋಡಲು ಬಂದಿದ್ದ ಮೃತ್ಯುಂಜಯ ತಟ್ಟೆಯ ಅವಲಕ್ಕಿಯನ್ನು ಕೆದಕುತ್ತಿದ್ದ. ಓದು ನೋಡದೆ ಸಾಫ್ಟ್‌ವೇರ್ ಕಂಪನಿ ಅವನಿಗೆ ಕೆಲಸ ಕೊಟ್ಟಿತ್ತು. ಆದರೆ ನೀಲಾಳ ಅಪ್ಪ ಮಗಳನ್ನು ಕೊಡುವುದು ಅನುಮಾನವಾಗಿತ್ತು. ಅವರು ಇಂಜಿನಿಯರಿಂಗ್ ಕಾಲೇಜಿನ ನಿವೃತ್ತ ಪ್ರಾಧ್ಯಾಪಕರು.

“ಕೋಡ್ ಬರಿಯೋದು ಯಾರ ಕಲಿಸಿದ್ರು?”

“ನಾನ ಕಲ್ತೀನ್ರಿ.”

“ಅಂದ್ರ ತಪ್ಪು ತೋರಿಸಾವ್ರು ಯಾರೂ ಇಲ್ಲ! ನನಗ ಈ ವಯಸ್ಸಿನ್ಯಾಗೂ ಒಬ್ಬ ಅದಾನ ನೋಡಪಾ. ಕನ್ನಡ ಪಂಚಾಂಗದ ಆ್ಯಪ್ ಐತಲ್ಲ, ಅದಕ್ಕ ಯಾರ ಬೇಕಾದ್ರೂ ಕೋಡ್ ಬರದು ಕಳಿಸಬಹುದು. ‘ಜರಡಿ’ ಅಂತ ಹೆಸರಿಟ್ಕೊಂಡಾವ ಒಬ್ಬ ಅದನ್ನ ನೋಡಿ ಒಪ್ಪಬೇಕು. ಅಮಾಸಿ ಲೆಕ್ಕ ತಪ್ಪೈತಿ ಅಂತ ನಂದು ಏಳು ಸಲ ವಾಪಸ್ ಕಳಿಸಿದ!”

ಮೃತ್ಯುಂಜಯ ಅವಲಕ್ಕಿಯ ತಟ್ಟೆಯನ್ನು ಕೆಳಗಿಟ್ಟ.

“ಭಾಳ ಸೊಕ್ಕಿನ ಮನಷ್ಯಾ ಇರಬೇಕ್ರಿ.”

“ಛೇ, ಹಂಗನ್ನಬ್ಯಾಡ! ಒಂದೊಂದು ಅಕ್ಷರ ಓದ್ತಾನ. ದೊಡ್ಡ ಡಿಗ್ರಿ ಮಾಡಿದಾವನ ಇರಬೇಕು. ಇವತ್ತ ಮುಂಜಾನೆ, ಎಂಟನೇ ಸಲಕ್ಕ ಒಪ್ಪಿದ. ಆ ಖುಷಿಯೊಳಗ ನಾನು ನಿನ್ನ ಒಪ್ಪೇನಿ. ಆದ್ರ ಅವನಂಗ ಕಣ್ಣಿಟ್ಟು ಕೆಲಸ ಮಾಡೋದು ಕಲಿ.”

“ಕಲೀತೀನ್ರಿ.”

ಜರಡಿ ತಾನೇ ಎಂದು ಮದುವೆಯಾದ ಮೇಲೆ ಒಂದು ದಿನ ಮೃತ್ಯುಂಜಯ ಮಾವನಿಗೆ ಹೇಳಿದ. ಹೆಣ್ಣಿನ ಮನೆಗೆ ಹೊರಡುವ ಗಡಿಬಿಡಿಯಲ್ಲಿ, ಆ ಎಂಟನೆಯದನ್ನು ತೆರೆದೂ ನೋಡದೆ ಒಪ್ಪಿಗೆಯ ಗುಂಡಿ ಒತ್ತಿದ್ದೆ ಎಂಬುದನ್ನು ಮಾತ್ರ ಎಂದೂ ಹೇಳಲಿಲ್ಲ.